ಮಾ ಹುವಾಂಗ್ ಬಗ್ಗೆ ಒಂದು ಮಾತು

ಮೂಗು ಕಟ್ಟಿದಾಗ ಚೀನೀಯರು ಮ್ಯಾಗ್ನೋಲಿಯಾ ಹೂವಿನ ಮೊಗ್ಗು ಬಳಸುವ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ 'ಇವೆಲ್ಲ ಬರೀ ಗಿಡಮೂಲಿಕೆ, ಅಡ್ಡಪರಿಣಾಮ ಇಲ್ಲ' ಅನ್ನೋ ಸಾಲು ಓದಿ ಭಯವಾಯಿತು.

ನಾನು ಮೂರು ವರ್ಷ ಜಪಾನಿನ ಒಸಾಕಾದಲ್ಲಿದ್ದೆ. ಅಲ್ಲಿ ಶೀತ ಶುರುವಾದರೆ ಎಲ್ಲರೂ ಮೊದಲು ತರುವುದು ಕಕ್ಕೊಂತೊ ಅನ್ನೋ ಗಿಡಮೂಲಿಕೆ ಔಷಧಿ. ಶುಂಠಿ, ಚಕ್ಕೆ, ಜೇಷ್ಠಮಧು ಎಲ್ಲ ಸೇರಿ ಏಳು ಪದಾರ್ಥದ ಪುಡಿ. ಬಿಸಿನೀರಲ್ಲಿ ಕದಡಿ ಕುಡಿದರೆ ಮೈ ಬೆಚ್ಚಗಾಗುತ್ತದೆ. ನಮ್ಮ ಅಜ್ಜಿಯ ಕಷಾಯದ ನೆನಪೇ ಬರುತ್ತಿತ್ತು. ಆದರೆ ಆ ಏಳರಲ್ಲಿ ಒಂದು ಮಾ ಹುವಾಂಗ್, ಅಂದರೆ ಎಫೆಡ್ರಾ ಗಿಡದ ಕಾಂಡ. ಅದರಲ್ಲಿರುವ ಎಫೆಡ್ರಿನ್ ಅನ್ನೋ ರಾಸಾಯನಿಕವನ್ನು 1885ರಲ್ಲಿ ಜಪಾನಿನ ವಿಜ್ಞಾನಿ ನಾಗಾಯಿ ನಾಗಾಯೋಶಿ ಬೇರ್ಪಡಿಸಿದರು. ಅದು ಶ್ವಾಸನಾಳ ಸಡಿಲಿಸುತ್ತದೆ, ಮೂಗಿನ ಊತ ಇಳಿಸುತ್ತದೆ, ನಿಜ. ಜೊತೆಗೇ ಎದೆಬಡಿತವನ್ನೂ ಬಿಪಿಯನ್ನೂ ಏರಿಸುತ್ತದೆ. ಅದಕ್ಕೇ ಅಲ್ವಾ, ಈ ಎಫೆಡ್ರಿನ್ ಇರುವ ಡಯಟ್ ಸಪ್ಲಿಮೆಂಟ್‌ಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿದ್ದು? ಜೇಷ್ಠಮಧು ಕೂಡ ದಿನಾ ಜಾಸ್ತಿ ಹೋದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ.

ಇನ್ನೊಂದು ವಿಷಯ. ಸೈನಸ್‌ಗೆ ಮ್ಯಾಗ್ನೋಲಿಯಾ ಜೊತೆ ಚೀನಾದಲ್ಲಿ ಒಂದು ಮುಳ್ಳುಕಾಯಿ ಕೊಡುತ್ತಾರೆ, ಹೆಸರು ತ್ಸಾಂಗ್ ಅರ್. ಕ್ಸಾಂಥಿಯಂ ಜಾತಿಯ ಈ ಗಿಡ ನಮ್ಮ ರಸ್ತೆ ಬದಿಯಲ್ಲೂ ಬೆಳೆಯುತ್ತದೆ, ಕಾಯಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಹಸಿ ಕಾಯಿ ಲಿವರ್‌ಗೆ ವಿಷ. ಅದನ್ನು ಹುರಿದು ಹದ ಮಾಡಿ, ಅಳತೆ ನೋಡಿಯೇ ಅಲ್ಲಿನ ವೈದ್ಯರು ಕೊಡುವುದು. ಯಾರೂ ಸುಮ್ನೆ ಕಿತ್ತು ಕುದಿಸಿ ಕುಡಿಯಬಾರದು.

ದಯವಿಟ್ಟು ಆ ಸಾಲನ್ನು ತಿದ್ದಿ. ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಬಸುರಿಯರು ಮೊದಲು ಡಾಕ್ಟರನ್ನು ಕೇಳಲಿ ಅಂತಲೂ ಸೇರಿಸಿ.