ಖದೀಜಾ ಡಿಯುಫ್, ಮಾರಿ ಡಿಯುಫ್, ಮತ್ತೆ ನಮ್ಮ ಕಡೆ ಪಾಟೀಲ್ರು

ಜರ್ಮನಿಲಿರೋ ನಮ್ಮ ಕನ್ನಡದೋರ ಗುಂಪಲ್ಲಿ ಯುರೋಪಿನ ಮುಸ್ಲಿಮರ ವಿಷ್ಯ ಬಂದ್ರೆ ಎರಡೇ ಥರದ ಮಾತು. ಒಬ್ರು "ಇಲ್ಲಿ ಕಾನೂನು ಸ್ಟ್ರಿಕ್ಟು, ಭೇದಭಾವ ಎಲ್ಲ ನಮ್ಮ ದೇಶದಲ್ಲಿ" ಅಂತಾರೆ, ಇನ್ನೊಬ್ರು "ಇವ್ರೇ ದೊಡ್ಡ ರೇಸಿಸ್ಟುಗಳು, ನಮ್ಗೆ ಬುದ್ಧಿ ಹೇಳೋಕೆ ಬರ್ತಾರೆ" ಅಂತಾರೆ. ಇಬ್ರೂ ತಮಗಾದ ಒಂದೊಂದು ಅನುಭವ ಹಿಡ್ಕೊಂಡು ರಾತ್ರಿ ಹನ್ನೊಂದರ ತನಕ ವಾದ ಮಾಡ್ತಾರೆ, ಯಾರೂ ಸೋಲಲ್ಲ.

ಇಲ್ಲಿ ಭೇದಭಾವ ಇದೆ, ಅದ್ರಲ್ಲಿ ಡೌಟಿಲ್ಲ. ನಂಗೆ ಇಷ್ಟ ಆಗಿದ್ದು ಅದನ್ನ ಇಲ್ಲಿನ ಸಂಶೋಧಕರು ಹಿಡಿಯೋ ರೀತಿ. ಸುಮ್ನೆ ಹೋಗಿ "ನಿಮ್ಗೆ ಮುಸ್ಲಿಮರು ಕಂಡ್ರೆ ಆಗಲ್ವಾ" ಅಂತ ಕೇಳಿದ್ರೆ ಯಾವ ಎಚ್ಆರ್ ತಾನೆ ಹೌದು ಅಂತಾನೆ? ಅದಕ್ಕೆ ಕೇಳೋದೇ ಬಿಟ್ಟು ಸುಳ್ಳು ಅರ್ಜಿ ಕಳಿಸ್ತಾರೆ. ಆಸ್ಟ್ರಿಯಾದ ಲಿಂಜ್ ಯೂನಿವರ್ಸಿಟಿಯ ಡೋರಿಸ್ ವೈಕ್ಸೆಲ್‌ಬೌಮರ್ ಅನ್ನೋ ಅರ್ಥಶಾಸ್ತ್ರಜ್ಞೆ ಜರ್ಮನಿಯ ಕಂಪನಿಗಳಿಗೆ ಹತ್ರ ಹತ್ರ 1500 ಅರ್ಜಿ ಹಾಕಿದ್ರು, ಸೆಕ್ರೆಟರಿ, ಅಕೌಂಟೆಂಟ್ ಥರದ ಕೆಲಸಗಳಿಗೆ. ಇಲ್ಲಿ ಅರ್ಜಿ ಜೊತೆ ಫೋಟೋ ಅಂಟಿಸೋ ಪದ್ಧತಿ ಇನ್ನೂ ಇದೆ ನೋಡಿ, ಅದನ್ನೇ ಬಳಸ್ಕೊಂಡ್ರು. ಓದು ಅನುಭವ ಎಲ್ಲ ಸಮ, ಫೋಟೋದಲ್ಲಿರೋ ಹೆಂಗಸೂ ಒಬ್ಳೇ. ಸಾಂಡ್ರಾ ಬವರ್ ಅಂತ ಹೆಸರು ಹಾಕಿದ್ರೆ ನೂರಕ್ಕೆ 18.8 ಇಂಟರ್ವ್ಯೂ ಕರೆ, ಮೆರ್ಯೆಮ್ ಓಜ್‌ಟುರ್ಕ್ ಅಂತ ಟರ್ಕಿ ಹೆಸರು ಹಾಕಿದ್ರೆ 13.5, ಅದೇ ಮೆರ್ಯೆಮ್ ತಲೆಗೆ ಸ್ಕಾರ್ಫ್ ಕಟ್ಟಿದ್ರೆ 4.2! ಅಂದ್ರೆ ಸಾಂಡ್ರಾಗೆ ಒಂದು ಅರ್ಜಿಲಿ ಆಗೋ ಕೆಲಸಕ್ಕೆ ಇವಳು ನಾಲ್ಕೂವರೆ ಅರ್ಜಿ ಹಾಕ್ಬೇಕು. 2016ರಲ್ಲಿ ಇದು ಹೊರಗೆ ಬಂದಾಗ "ಅವ್ರಿಗೆ ಭಾಷೆ ಬರಲ್ಲ, ಅವ್ರೇ ಬೆರೆಯಲ್ಲ" ಅನ್ನೋ ಮಾಮೂಲಿ ಉತ್ತರಕ್ಕೆ ಜಾಗಾನೇ ಇರ್ಲಿಲ್ಲ, ಯಾಕಂದ್ರೆ ಕಾಗದದ ಮೇಲೆ ಅವಳು ಅಲ್ಲೇ ಓದಿ ಬೆಳೆದೋಳು.

ಫ್ರಾನ್ಸಿಂದು ಇನ್ನೂ ಚೂಟಿ. ಟರ್ಕಿ ಹೆಸರಿಗೆ ಕರೆ ಕಮ್ಮಿ ಬಂದ್ರೆ ಅದು ಹೊರಗಿನೋಳು ಅಂತಲೋ ಮುಸ್ಲಿಂ ಅಂತಲೋ ಹೇಗೆ ಹೇಳ್ತೀರಾ? ಕ್ಲೇರ್ ಅದಿದಾ, ಡೇವಿಡ್ ಲೈಟಿನ್, ಮಾರಿ ಆನ್ ವಾಲ್ಫೋರ್ ಮೂರೂ ಜನ ಸೇರಿ ಸೆನೆಗಲ್ ಮೂಲದ ಡಿಯುಫ್ ಅನ್ನೋ ಅಡ್ಡಹೆಸರು ತಗೊಂಡ್ರು. ಒಬ್ಳು ಮಾರಿ ಡಿಯುಫ್, ಕ್ಯಾಥೊಲಿಕ್ ಸೇವಾ ಸಂಸ್ಥೆಲಿ ಕೆಲಸ ಮಾಡಿದೋಳು, ಇನ್ನೊಬ್ಳು ಖದೀಜಾ ಡಿಯುಫ್, ಇಸ್ಲಾಮಿಕ್ ಸೇವಾ ಸಂಸ್ಥೆಲಿ. ಮೂಲದ ದೇಶ ಒಂದೇ, ಬಣ್ಣ ಒಂದೇ, ಉಳಿದಿದ್ದು ಧರ್ಮ ಮಾತ್ರ. ಮಾರಿಗೆ ನೂರಕ್ಕೆ 21 ಕರೆ, ಖದೀಜಾಗೆ 8. ಇದು 2010ರ ಮಾತು. ಸೆನ್ಸಸ್ಸಲ್ಲಿ ಧರ್ಮ ಯಾವ್ದು ಅಂತ ಕೇಳೋದೇ ಇಲ್ದಿರೋ ದೇಶ ಅದು, ಆದ್ರೂ ಈ ಥರ ಟೆಸ್ಟಿಂಗ್ ಮಾಡಿ ಸಿಕ್ಕಿದ್ದನ್ನ ಕೋರ್ಟಲ್ಲಿ ಸಾಕ್ಷಿ ಅಂತ ತೋರ್ಸೋಕೆ 2006ರ ಕಾನೂನಲ್ಲೇ ದಾರಿ ಇದೆ.

ಹಂಗಂತ ಇವ್ರನ್ನ ಪೂರ್ತಿ ಹೊಗಳೋಕೂ ಆಗಲ್ಲ. ನಾನು ಮನೆ ಹುಡುಕೋವಾಗ ಒಬ್ಬ ಮುದುಕಪ್ಪ ಮಾಲೀಕ ಮುಖ ನೋಡಿ ಟರ್ಕಿಯೋನಾ ಅಂದ, ಇಂಡಿಯಾ ಅಂದೆ, ಮುಸ್ಲಿಮಾ ಅಂದ, ಅಲ್ಲ ಅಂದೆ, ತಕ್ಷಣ ಕೂತ್ಕೊಳ್ಳಿ ಕಾಫಿ ಕುಡೀತೀರಾ ಅಂತ ಶುರು ಮಾಡ್ದ. ನಮ್ಮೋರು ಇಂಥದ್ದನ್ನ ಜೋಕ್ ಥರ ಹೇಳ್ಕೊಂಡು ನಗ್ತಾರೆ, ಅದೇ ವಾರ ಇನ್ಯಾವ್ದೋ ಮನೆಯೋರು "ಮಸಾಲೆ ವಾಸ್ನೆ" ಅಂತ ಬೇಡ ಅಂದ್ರೆ ರೇಸಿಸಂ ಅಂತ ಕೂಗ್ತಾರೆ. ಇರ್ಲಿ. ಮಜಾ ಏನಂದ್ರೆ ಜರ್ಮನಿಯ 2006ರ ಸಮಾನತೆ ಕಾನೂನಲ್ಲಿ ಜನಾಂಗ ನೋಡಿ ಬಾಡಿಗೆ ನಿರಾಕರಿಸೋ ಹಾಗಿಲ್ಲ, ಆದ್ರೆ ಧರ್ಮದ ವಿಷ್ಯಕ್ಕೆ ಬಂದ್ರೆ ಐವತ್ತಕ್ಕಿಂತ ಜಾಸ್ತಿ ಮನೆ ಬಾಡಿಗೆಗೆ ಕೊಡದೇ ಇರೋ ಸಣ್ಣ ಮಾಲೀಕರು ಬಹುತೇಕ ತಪ್ಪಿಸ್ಕೊಳ್ತಾರೆ. ಕಾಫಿ ಅಜ್ಜನೂ ಅದೇ ಲೆಕ್ಕಕ್ಕೆ ಬರ್ತಾನೆ.

ಅಳೆದ ಮಾತ್ರಕ್ಕೆ ಕಮ್ಮಿಯಾಗಿದೆ ಅಂತನೂ ಇಲ್ಲ. ವಿಯೆನ್ನಾದಲ್ಲಿರೋ ಯುರೋಪಿಯನ್ ಯೂನಿಯನ್ನಿನ ಮೂಲಭೂತ ಹಕ್ಕುಗಳ ಏಜೆನ್ಸಿ 13 ದೇಶದ ಮುಸ್ಲಿಮರನ್ನ ಮಾತಾಡಿಸಿ 2024ರಲ್ಲಿ ವರದಿ ಕೊಡ್ತು, ಶೇ. 47 ಜನ ತಾರತಮ್ಯ ಅನುಭವಿಸಿದೀವಿ ಅಂದಿದಾರೆ, 2016ರಲ್ಲಿ ಇದು ಶೇ. 39 ಇತ್ತು. ಜರ್ಮನಿಲಿ 68, ಆಸ್ಟ್ರಿಯಾದಲ್ಲಿ 71, ಸ್ವೀಡನ್ನಲ್ಲಿ 22. ಹಂಗೆ ಅನುಭವಿಸಿದೋರಲ್ಲಿ ಎಲ್ಲಾದ್ರೂ ದೂರು ಕೊಟ್ಟೋರು ಶೇ. 6. ದೂರು ಬಂದಿಲ್ಲ ಅಂದ್ರೆ ಸಮಸ್ಯೆ ಇಲ್ಲ ಅನ್ನೋ ಅಧಿಕಾರಿಗಳಿಗೆ ಉತ್ತರ ಕೊಡೋಕೆ ಈ ಆರು ಸಾಕು.

ನಮ್ಮಲ್ಲಿ ಇಂಥ ಕೆಲಸ ಆಗೇ ಇಲ್ಲ ಅಂತಲ್ಲ. 2007ರಲ್ಲೇ ಸುಖದೇವ್ ಥೋರಟ್, ಪಾಲ್ ಅಟ್ವೆಲ್ ಪೇಪರಲ್ಲಿ ಬರೋ ಖಾಸಗಿ ಕೆಲಸದ ಜಾಹೀರಾತಿಗೆ ಹಿಂಗೇ ಅರ್ಜಿ ಹಾಕಿ ನೋಡಿದ್ರು, ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದ್ರೆ ಮುಸ್ಲಿಂ ಹೆಸರಿಗೆ ಕರೆ ಬರೋ ಸಾಧ್ಯತೆ ಸುಮಾರು ಮೂರನೇ ಒಂದು ಪಾಲು. ದಲಿತ ಹೆಸರಿಗೂ ಕಮ್ಮಿನೇ. ಆದ್ರೆ 2022ರ ಹಿಜಾಬ್ ಗಲಾಟೆ ಟೈಮಲ್ಲಿ ನಾನು ನೋಡಿದ ಟಿವಿ ಚರ್ಚೆಗಳಲ್ಲಿ ಒಬ್ರೂ ಈ ಲೆಕ್ಕ ಎತ್ತಲಿಲ್ಲ, ಬರೀ "ನಮ್ಮ ಪಕ್ಕದ್ಮನೆ ಸಾಬ್ರು ಒಳ್ಳೇವ್ರು ಸಾರ್" ಅನ್ನೋದು, ಇಲ್ಲಾಂದ್ರೆ ಅದರ ಉಲ್ಟಾ.

ಡಿಯುಫ್ ಕಥೆ ಓದಿದಾಗಿಂದ ನಂಗೆ ಒಂದೇ ಯೋಚ್ನೆ. ನಾನು ವಿಜಯಪುರ ಕಡೆಯವ್ನು, ನಮ್ಮಲ್ಲಿ ಹೊಸಬ್ರು ಸಿಕ್ರೆ ಮೊದಲ ಪ್ರಶ್ನೆನೇ "ಅಡ್ಡಹೆಸರು ಏನ್ರೀ?" ಅಂತ, ಅದ್ರಲ್ಲೇ ಎಲ್ಲ ಗೊತ್ತಾಗ್ಲಿ ಅಂತ. ಆದ್ರೆ ಪಾಟೀಲ ಅಂದ್ರೆ ಗೊತ್ತಾಗಲ್ಲ! ಲಿಂಗಾಯತರಲ್ಲಿ ಪಾಟೀಲರಿದಾರೆ, ಜೈನರಲ್ಲಿದಾರೆ, ಮುಸ್ಲಿಮರಲ್ಲೂ ಇದಾರೆ, ಊರ ಗೌಡಕಿ ಯಾರ ಮನೆತನಕ್ಕಿತ್ತೋ ಅವ್ರು ಪಾಟೀಲರು. ಫ್ರಾನ್ಸಿನೋರು ಹುಡುಕಿ ಹುಡುಕಿ ತಂದ ಅಡ್ಡಹೆಸರು ನಮ್ಮೂರಲ್ಲಿ ಬೀದಿಗೆ ನಾಲ್ಕಿದಾವೆ. ಧಾರವಾಡದಲ್ಲೋ ವಿಜಯಪುರದಲ್ಲೋ ಸಮಾಜಶಾಸ್ತ್ರ ಎಂಎ ಮಾಡೋ ಹುಡುಗ್ರು ಎರಡು ಸಿಮ್ ತಗೊಂಡು ಬೆಂಗಳೂರಲ್ಲಿ ಬಾಡಿಗೆಗೆ ಇರೋ ಮನೆಗಳಿಗೆ ಬಸವರಾಜ ಪಾಟೀಲ ಅಂತ ಒಂದ್ಸಲ, ಖಾಜಾ ಪಾಟೀಲ ಅಂತ ಒಂದ್ಸಲ ಫೋನ್ ಮಾಡ್ಲಿ. ಇಬ್ರಿಗೂ ಸಾಫ್ಟ್‌ವೇರ್ ಕೆಲಸ, ಇಬ್ರಿಗೂ ಒಂದೇ ಸಂಬಳ, ಯಾರು ಮೊದ್ಲು ಫೋನ್ ಮಾಡೋದು ಅನ್ನೋದನ್ನ ಅದಲುಬದಲು ಮಾಡ್ತಾ ಇರ್ಲಿ. ಯಾರಿಗೆ "ಯಾವಾಗ ನೋಡೋಕೆ ಬರ್ತೀರಾ" ಅಂತಾರೆ, ಯಾರಿಗೆ "ಅಯ್ಯೋ ನಿನ್ನೆನೇ ಹೋಯ್ತಲ್ಲ" ಅಂತಾರೆ, ಅದನ್ನ ಒಂದು ಎಕ್ಸೆಲ್ ಶೀಟಲ್ಲಿ ಬರ್ಕೊಂಡ್ರೆ ಆಯ್ತು, ಸಿಮ್ ರೀಚಾರ್ಜ್ ಖರ್ಚು ಬೇಕಾದ್ರೆ ನಮ್ಮ ಗುಂಪಿಂದಾನೇ ಎತ್ತಿ ಕಳಿಸ್ತೀವಿ.