ಇಬ್ಬರೂ ಕೂಡಿ ಬಂದರೆ

ಸೋಮವಾರವೂ ಕೋರ್ಟಿನಿಂದ ಬರಿಗೈಲಿ ಬಂದೆ. ಕಾಂಪೌಂಡು ಗೋಡೆಯ ಮೂರಡಿ ಜಾಗದ ತಕರಾರು, ಇದು ಏಳನೇ ವರ್ಷ. ಹೊರಡುವಾಗ ವಕೀಲರ ಗುಮಾಸ್ತ "ಸಾರ್, ಒಂದೈನೂರು" ಅಂದ. ಯಾಕಪ್ಪಾ ಅಂದರೆ, "ಅದೇ, ತಾರೀಖಿಂದು." ಒಟ್ಟು ಫೀಸೆಷ್ಟು ಎಂದು ವಕೀಲರನ್ನೇ ಕೇಳಿದರೆ "ನೀವೇನು ಹೊರಗಿನವರೇ?" ಎಂದು ನಗುತ್ತಾರೆ. ದುಡ್ಡಿಗಿಂತ ಆ ನಗುವೇ ಹೊಟ್ಟೆ ಉರಿಸುವುದು. ಹೊರಗಿನವನಾಗಿದ್ದರೆ ನಾಲ್ಕು ಕಾಸಾದರೂ ಉಳಿಯುತ್ತಿತ್ತು.

ಫೀಸು ಬಾಯಿಬಿಟ್ಟು ಹೇಳಲು ವಕೀಲರಿಗಿರುವ ಈ ನಾಚಿಕೆ ಹಳೆಯದು. ವಿದ್ಯೆ ದೇವರ ಕೊಡುಗೆ, ಮಾರುವ ಹಾಗಿಲ್ಲ ಅಂತ ಮಧ್ಯಯುಗದ ಚರ್ಚಿನ ಪಂಡಿತರು ಹೇಳುತ್ತಿದ್ದರು. ಹೊಟ್ಟೆ ಕೇಳಬೇಕಲ್ಲ! ದುಡ್ಡು ವಿದ್ಯೆಗಲ್ಲ, ಮೈಮುರಿದು ದುಡಿದದ್ದಕ್ಕೆ ಎಂದು 13ನೇ ಶತಮಾನದ ಧರ್ಮಪಂಡಿತ ಥಾಮಸ್ ಅಕ್ವೈನಾಸ್ ದಾರಿ ತೆಗೆದುಕೊಟ್ಟ. 1274ರಲ್ಲಿ ಫ್ರಾನ್ಸಿನ ದೊರೆ ಮೂರನೇ ಫಿಲಿಪ್, ವಕೀಲರ ಫೀಸು ಒಂದು ಕೇಸಿಗೆ 30 ಲಿವ್ರ್ (ಅಲ್ಲಿನ ಆಗಿನ ಹಣ) ದಾಟಕೂಡದೆಂದು ಕಟ್ಟು ಮಾಡಿದ. ಇಂಗ್ಲೆಂಡಿನ ಮಠಗಳು ತಮ್ಮ ವಕೀಲರಿಗೆ ವರ್ಷಾಸನದ ಜೊತೆ ನಿಲುವಂಗಿಯನ್ನೂ ಹೊದಿಸುತ್ತಿದ್ದವು. ಮಾಲ್ವರ್ನ್ ಬೆಟ್ಟದ ಮಂಜನ್ನಾದರೂ ಅಳೆಯಬಹುದು, ಕಾಸು ಕಾಣಿಸದೆ ಇವರ ಬಾಯಿಂದ 'ಹ್ಞೂಂ' ಹೊರಡದು ಎಂದು ಅಲ್ಲಿನ 14ನೇ ಶತಮಾನದ ಕವಿಯೊಬ್ಬ ಗೊಣಗಿದ್ದಾನೆ. ಪಾಪ, ಅವನಿಗೂ ಗೋಡೆಯ ತಕರಾರೇನೋ.

ಬಡವರಿಂದ ಬಿಡಿಗಾಸು ಮುಟ್ಟದವನೆಂದರೆ ಈಗಿನ ಫ್ರಾನ್ಸಿನ ಬ್ರಿಟನಿ ಸೀಮೆಯ ವಕೀಲ ಈವ್. 1303ರಲ್ಲಿ ತೀರಿಕೊಂಡ, 1347ರಲ್ಲಿ ಸಂತನಾದ. 'ವಕೀಲ, ಆದರೂ ಕಳ್ಳನಲ್ಲ' ಎಂದು ಜನ ಬೆರಗಾದರಂತೆ. ಅವನದೊಂದು ಕತೆಯಿದೆ. ತೂರ್ ಪಟ್ಟಣದಲ್ಲಿ ಅವನು ಇಳಿದುಕೊಳ್ಳುತ್ತಿದ್ದ ಮನೆಯ ವಿಧವೆ ಅಳುತ್ತಾ ಕೂತಿದ್ದಳು. ಇಬ್ಬರು ವ್ಯಾಪಾರಿಗಳು ಭಾರದ ಚೀಲವೊಂದನ್ನು ಕೊಟ್ಟು, ಇಬ್ಬರೂ ಕೂಡಿ ಬಂದರಷ್ಟೇ ವಾಪಸು ಕೊಡಬೇಕು ಅಂದಿದ್ದರು. ಒಬ್ಬ ಬಂದು ಏನೋ ನೆಪ ಹೇಳಿ ಒಯ್ದ. ಇನ್ನೊಬ್ಬ ದಾವೆ ಹಾಕಿದ. ಮನೆ ಹರಾಜಾಗುವುದೊಂದೇ ಬಾಕಿ. ಈವ್ ಎದ್ದು ನಿಂತು, "ಚೀಲ ಸಿಕ್ಕಿದೆ ಸ್ವಾಮಿ, ಈಗಲೇ ಕೊಡುತ್ತೇವೆ. ಕರಾರಿನ ಪ್ರಕಾರ ಇವನು ಜೊತೆಗಾರನನ್ನು ಕರೆದು ತರಲಿ" ಅಂದ. ಫಿರ್ಯಾದಿಯ ಮುಖ ಸುಣ್ಣವಾಯಿತು. ಇಬ್ಬರೂ ಒಂದೇ ಗುಂಪಿನ ಕಳ್ಳರು. ಚೀಲದಲ್ಲಿದ್ದದ್ದು ಹಳೇ ಕಬ್ಬಿಣ.

ಲೆಕ್ಕ ಹಾಕಿ: ಒಂದೇ ತಾರೀಖು, ಒಂದೇ ಮಾತು, ಫೀಸು ಸೊನ್ನೆ. ವಾಯಿದೆ ಇಲ್ಲ, ಟೈಪಿಂಗ್ ಖರ್ಚಿಲ್ಲ, ಗುಮಾಸ್ತನೂ ಇಲ್ಲ.

ಇದನ್ನೆಲ್ಲ ವಕೀಲರಿಗೆ ಹೇಗೆ ಮುಟ್ಟಿಸುವುದು ಎಂದು ಯೋಚಿಸುತ್ತಿದ್ದಾಗಲೇ ಗುಮಾಸ್ತನ ಫೋನು.

"ಸಾರ್, ಮುಂದಿನ ತಿಂಗಳು ಹದಿನಾಲ್ಕಕ್ಕೆ ಹಾಕಿದಾರೆ. ಇವತ್ತು ಎದುರು ಪಾರ್ಟಿ ಬರಲಿಲ್ವಲ್ಲ, ಅವತ್ತು ಇಬ್ಬರೂ ಒಟ್ಟಿಗೆ ಇರ್ಲೇಬೇಕಂತೆ. ಆ ಐನೂರು ಫೋನ್‌ಪೇ ಮಾಡಿಬಿಡಿ."