ಐವತ್ತು ಗ್ರಾಂ ಅಂದ್ರೆ ಎಷ್ಟು ಚಮಚ?

ಪಾಕವಿಧಾನದಲ್ಲಿ ‘ಒಂದು ಟೀ ಚಮಚ’ ಎಂದು ಸಲೀಸಾಗಿ ಬರೆದುಬಿಡುವವರಿಗೆ ಮೈಸೂರಿನ ಯಾವುದಾದರೂ ಅಡುಗೆಮನೆಯ ಚಮಚದ ಸ್ಟ್ಯಾಂಡ್ ತೋರಿಸಬೇಕು. ಗೃಹಪ್ರವೇಶಕ್ಕೆ ಉಡುಗೊರೆ ಬಂದದ್ದು, ಟೀಪುಡಿ ಜೊತೆ ಬಿಟ್ಟಿ ಸಿಕ್ಕಿದ್ದು, ಪಕ್ಕದ ಮನೆಯಿಂದ ಪಾಯಸದ ಬಟ್ಟಲಿನೊಂದಿಗೆ ಬಂದು ಇಲ್ಲೇ ಠಿಕಾಣಿ ಹೂಡಿದ್ದು. ಒಂದರ ಅಳತೆ ಇನ್ನೊಂದಕ್ಕಿಲ್ಲ.

ಲೆಕ್ಕದ ಟೀ ಚಮಚಕ್ಕೆ 5 ಮಿ.ಲೀ., ಟೇಬಲ್ ಚಮಚಕ್ಕೆ 15. ಆಸ್ಟ್ರೇಲಿಯಾದಲ್ಲಿ ಮಾತ್ರ ಟೇಬಲ್ ಚಮಚ 20. ಅಲ್ಲಿರುವ ಮಗಳು ಫೋನಿನಲ್ಲಿ ಹೇಳಿದ್ದನ್ನು ಇಲ್ಲಿನ ಚಮಚದಲ್ಲಿ ಹಾಕಿದರೆ ಕಾಲು ಪಾಲು ಖೋತಾ. ನಿಮ್ಮ ಚಮಚದ ಜಾತಕ ತಿಳಿಯಬೇಕೆ? ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ 5, 10 ಎಂದು ಗೆರೆ ಇರುತ್ತದೆ. ಚಮಚದ ತುಂಬ ನೀರು ತೆಗೆದು ಅದಕ್ಕೆ ಸುರಿದು ನೋಡಿ. 5ರ ಗೆರೆ ಮುಟ್ಟಿದ ಚಮಚವನ್ನು ಉಪ್ಪಿನ ಡಬ್ಬಿಗೋ ಉಪ್ಪಿನಕಾಯಿಗೋ ಕೊಡದೆ ಎತ್ತಿಡಿ.

ಇನ್ನು ತೂಕ. ಎಲ್ಲದಕ್ಕೂ ‘ಚಮಚಕ್ಕೆ ಐದು ಗ್ರಾಂ’ ಎಂದು ಹಿಡಿದಲ್ಲೇ ಎಡವಟ್ಟು ಶುರು. ಐದು ಗ್ರಾಂ ತೂಗುವುದು ನೀರು. ಅದೇ ಟೀ ಚಮಚಕ್ಕೆ ಪುಡಿಯುಪ್ಪು ಸುಮಾರು 6 ಗ್ರಾಂ, ಸಕ್ಕರೆ 4, ಮೈದಾ ಮೂರಕ್ಕೂ ಕಡಿಮೆ. 100 ಗ್ರಾಂ ಮೈದಾ ಎಂದು 20 ಚಮಚ ಎಣಿಸಿ ಹಾಕಿದರೆ 60 ಗ್ರಾಂ ಕೂಡ ಮುಟ್ಟುವುದಿಲ್ಲ. ಹಿಟ್ಟು ನೀರಾಯಿತೆಂದು ಆಮೇಲೆ ಗಿರಣಿಯವನನ್ನು ಬೈದು ಏನು ಬಂತು? ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಇರುವುದರಿಂದ ಅದು ಪುಡಿಯುಪ್ಪಿಗಿಂತ ಹಗುರ. ಕಲ್ಲುಪ್ಪಿಗೆ ಹೇಳಿದ ಚಮಚದಲ್ಲಿ ಪುಡಿಯುಪ್ಪು ಹಾಕಿದ ಸಾರನ್ನು ಬಡಿಸುವಾಗ ಮಜ್ಜಿಗೆ ಪಕ್ಕದಲ್ಲೇ ಇರಲಿ.

ಮೇಲಿನ ಲೆಕ್ಕವೆಲ್ಲ ಚಾಕುವಿನ ಬೆನ್ನಿನಿಂದ ತಲೆ ಸವರಿದ ಚಮಚಕ್ಕೆ. ನಮ್ಮ ಕಡೆಯ ಕೈಗೆ ಸವರಿ ಗೊತ್ತಿಲ್ಲ, ಗೋಪುರ ಕಟ್ಟಿಯೇ ರೂಢಿ. ಹಿಟ್ಟಿನ ಗೋಪುರ ಒಂದೂವರೆಯಿಂದ ಎರಡು ಚಮಚಕ್ಕೆ ಸಮ. “ಒಂದೇ ಚಮಚ ಹಾಕಿದ್ದು ಅತ್ತೆ” ಎನ್ನುವ ಸೊಸೆಯೂ ಸುಳ್ಳು ಹೇಳುತ್ತಿಲ್ಲ, “ಜಾಸ್ತಿ ಆಯ್ತು ಕಣಮ್ಮ” ಎನ್ನುವ ಅತ್ತೆಯೂ ಸುಳ್ಳು ಹೇಳುತ್ತಿಲ್ಲ.

ಮದ್ದೂರು ವಡೆಗೆ ಈ ಉದಾರತೆ ಆಗಿಬರುವುದಿಲ್ಲ. ರವೆ, ಅಕ್ಕಿಹಿಟ್ಟು, ಮೈದಾ ಮೇಲೆ ಕಾಸಿದ ಎಣ್ಣೆ 50 ಗ್ರಾಂ ಎಂದಿದ್ದರೆ ಟೇಬಲ್ ಚಮಚದಲ್ಲಿ ಮೂರೂ ಮುಕ್ಕಾಲಿಗೆ ತುಸು ಕಡಿಮೆ, ಏಕೆಂದರೆ ಎಣ್ಣೆ ನೀರಿಗಿಂತ ಹಗುರ, ಚಮಚಕ್ಕೆ 14 ಗ್ರಾಂ ಕೂಡ ಇರುವುದಿಲ್ಲ. ಕಡಿಮೆಯಾದರೆ ವಡೆ ಹಲ್ಲಿಗೆ ಸವಾಲು. ಹೆಚ್ಚಾದರೆ ತಟ್ಟುವಾಗಲೇ ಪುಡಿ.

ಹಾಗಂತ ಎಲ್ಲಕ್ಕೂ ಡಿಜಿಟಲ್ ತಕ್ಕಡಿ ತರುವುದೂ ಬೇಡ. ಒಂದೊಂದು ಗ್ರಾಂ ಎಣಿಸುವ ಅಗ್ಗದ ತಕ್ಕಡಿಗೆ ಎರಡು ಗ್ರಾಂ ಅಡುಗೆ ಸೋಡಾ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ‘ಸೊನ್ನೆ’ ಎಂದು ತೋರಿಸುತ್ತಲೇ ಇರುತ್ತದೆ, ನೀವು ಉದುರಿಸುತ್ತಲೇ ಇರುತ್ತೀರಿ. ಬೋಂಡಾ ಎಣ್ಣೆ ಕುಡಿದು ಸೋಪಿನ ರುಚಿ ಬಂದಾಗ ಗೊತ್ತಾಗುತ್ತದೆ. ಸೋಡಾ, ಉಪ್ಪು, ಅರಿಶಿನಕ್ಕೆ ಚಮಚವೇ ವಾಸಿ. ಹಿಟ್ಟು, ಸಕ್ಕರೆಗೆ ತಕ್ಕಡಿ.

ಮಂಡ್ಯದ ಅಚ್ಚುಬೆಲ್ಲಕ್ಕೆ ಮಾತ್ರ ಎರಡೂ ಬೇಡ. ಕೊಳ್ಳುವಾಗಲೇ ಕೆಜಿಗೆ ಎಷ್ಟು ಅಚ್ಚು ಬಂತೆಂದು ಎಣಿಸಿಕೊಳ್ಳಿ. ಎಂಟು ಬಂದರೆ ಒಂದಕ್ಕೆ 125 ಗ್ರಾಂ. ಮಕ್ಕಳು ಮೂಲೆ ಕಚ್ಚಿದ್ದರೆ ಅಷ್ಟನ್ನು ಕಳೆಯಿರಿ.